ಸಿದ್ಧಾಂತದ ಬಳಿಕ ಪೂರ್ವಪಕ್ಷ

ಲೋಕೋಪಯೋಗಿಯಾದ ಕಾರ್ಯಗಳಿಗೆ ಜನರ ಸಹಕಾರ ಸಾಲದು, ಆದುದರಿಂದ ಜನರಲ್ಲಿ ಜಾಗೃತಿಯನ್ನು ಉಂಟುಮಾಡಬೇಕು ಎಂಬುದು ಈಚೆಗೆ ಎಲ್ಲ ಸಭೆಗಳಲ್ಲಿಯೂ ಕೇಳಿಬರುವ ಮಾತು. ಒಳಚರಂಡಿಯ ಕೆಲಸ ನಡುವೆ ನಿಂತರೆ ಜಾಗೃತಿ ಸಾಲದು. ನೀರಿನ ಮೀಟರಿಗೆ ಮನೆಯವರು ಒಪ್ಪದಿದ್ದರೆ ಜಾಗೃತಿ ಸಾಲದು. ರಸ್ತೆಯ ಅಗಲೀಕರಣಕ್ಕೆ ಅಂಗಡಿಯವರು ಅಡ್ಡ ನಿಂತರೆ ಅಲ್ಲಿಯೂ ಜಾಗೃತಿಯದೇ ಕೊರತೆ. ಜಾಗೃತಿಯೆಂದರೆ ಎಚ್ಚರ; ಎಚ್ಚರಿಸತಕ್ಕದ್ದು ನಿದ್ರೆಯಲ್ಲಿರುವವನನ್ನು. ಹಾಗಾದರೆ ಜನ ಮಲಗಿರುವರು, ಕಚೇರಿ ಮಾತ್ರ ಎದ್ದು ಕುಳಿತಿದೆ ಎಂಬುದೇ ಈ ಮಾತಿನ ಮೊದಲ ಅರ್ಥವಾಗುವುದು. ಈ ಅರ್ಥವನ್ನು ಪರೀಕ್ಷಿಸದೆ ಒಪ್ಪುವುದು ವಿವೇಕವಲ್ಲ.

ಭದ್ರಾವತಿಯ ಹಳೆಯ ಭಾಗ ಇಂಥ ಪರೀಕ್ಷೆಗೆ ತಕ್ಕ ಸ್ಥಳ. ಊರಿಗೆ ಹಿಂದೆ ಬೆಂಕಿಪುರವೆಂದು ಹೆಸರು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಇಲ್ಲಿದೆ. 1923ರಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ಆರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ತಮಿಳರು, ತೆಲುಗರು, ಮಲೆಯಾಳಿಗಳು, ಉರ್ದು ಮಾತಾಡುವವರು ದುಡಿಮೆಗಾಗಿ ಬಂದು ನೆಲೆಸಿದರು. ಹೊಸ ಬಡಾವಣೆಗಳು ಬೆಳೆದ ಮೇಲೆ ಹಳೆಯ ಊರಿಗೆ ಓಲ್ಡ್ ಟೌನ್ ಎಂಬ ಹೆಸರು ನಿಂತಿತು. ಫಲಕದಲ್ಲಿ ಹಳೇನಗರವೆಂದು ಬರೆದರೂ ಆಟೋದವನ ಬಾಯಲ್ಲಿ ಅದು ಓಲ್ಡ್ ಟೌನೇ. ಹೆಸರು ಇಂಗ್ಲಿಷಿನದಾದರೂ ಅದರಿಂದ ದಾರಿ ತಪ್ಪಿದವರು ಯಾರೂ ಇಲ್ಲ. ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಬರುವ ವಾದ ಭಾಷೆಯ ಮಡಿಯನ್ನು ಕುರಿತದ್ದಲ್ಲ.

ಈ ಊರು ಮಲಗಿದೆಯೇ? 2023ರ ಜನವರಿಯಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಆಡಳಿತ ಮಂಡಲಿಯು ಇಲ್ಲಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಣಯ ಮಾಡಿದಾಗ ಕಾರ್ಮಿಕರು ಬೀದಿಗಿಳಿದು ಧರಣಿ ಹೂಡಿದರು. ಅದೇ ವರ್ಷದ ಆಗಸ್ಟಿನಲ್ಲಿ ಉತ್ಪಾದನೆಯ ಒಂದು ಭಾಗ ಮತ್ತೆ ಆರಂಭವಾಯಿತು. ತಮಗೆ ತಾಗುವ ಸಂಗತಿ ತಮಗೆ ಅರ್ಥವಾಗುವಂತೆ ಕಿವಿಗೆ ಬಿದ್ದರೆ ಜನ ಏಳುವರು, ಕೇಳುವರು, ಕಾಯುವರು. ಆದುದರಿಂದ ಕೊರತೆ ಇರುವುದು ಎಚ್ಚರದಲ್ಲಿ ಅಲ್ಲ. ಹೇಳುವ ಕ್ರಮದಲ್ಲಿ, ಅದಕ್ಕಿಂತ ಹೆಚ್ಚಾಗಿ ಹೇಳುವ ಕಾಲದಲ್ಲಿ.

ಹೇಳುವ ಕ್ರಮ ಕಚೇರಿಗೆ ತಿಳಿಯದೆಂದು ಯಾರೂ ಭಾವಿಸಕೂಡದು. ಮಳೆಗಾಲದಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬಿ ಹೆಚ್ಚು ನೀರು ಬಿಡಬೇಕಾದಾಗ ಭದ್ರಾವತಿಯ ಸೇತುವೆಗೂ ಹೊಳೆಯಂಚಿನ ತಗ್ಗು ಕೇರಿಗಳಿಗೂ ಅಪಾಯ ಒದಗುವುದು. ಆಗ ಹೊರಡುವ ಎಚ್ಚರಿಕೆ ಎಷ್ಟು ನಿಚ್ಚಳ! ನೀರು ಬಿಡಲಾಗುವುದು, ಹೊಳೆಗೆ ಇಳಿಯಬೇಡಿ, ದನಕರುಗಳನ್ನು ದಡಕ್ಕೆ ಬಿಡಬೇಡಿ ಎಂದರೆ ಎಂಬತ್ತರ ಮುದುಕಿಗೂ ಎಂಟರ ಹುಡುಗನಿಗೂ ತಿಳಿಯುವುದು. ಕಂದಾಯ ಕಟ್ಟಲು ಕೊನೆಯ ದಿನ ಬಂದಾಗ ಆಟೋದ ಮೇಲಿನ ಧ್ವನಿವರ್ಧಕ ಆಡುವ ಕನ್ನಡವೂ ಹೀಗೆಯೇ ನಿಚ್ಚಳ. ಹಸಿಕಸ ಒಣಕಸಗಳನ್ನು ಬೇರೆ ಮಾಡಿರೆಂದು ಬೆಳಗಿನ ಕಸದ ಗಾಡಿ ಹಾಡುವ ಹಾಡನ್ನು ಕೇರಿಯ ಮಕ್ಕಳು ಬಾಯಿಪಾಠ ಮಾಡಿರುವರು. ಜನ ತಾನು ಹೇಳಿದಂತೆ ನಡೆಯಬೇಕೆಂದು ಕಚೇರಿ ಬಯಸಿದಲ್ಲೆಲ್ಲ ಅದಕ್ಕೆ ಸರಿಯಾದ ಕನ್ನಡ ದೊರೆಯುವುದು. ಜನ ತನ್ನನ್ನು ಪ್ರಶ್ನಿಸಬಹುದಾದಲ್ಲಿ ಮಾತ್ರ ಆ ಕನ್ನಡ ಮಾಯವಾಗುವುದು. ಆಜ್ಞೆಗೆ ಉಂಟು, ಲೆಕ್ಕಕ್ಕೆ ಇಲ್ಲ ಎನ್ನುವಂಥ ಭಾಷಾದಾರಿದ್ರ್ಯ ಲೋಕದಲ್ಲಿ ಬೇರೆಲ್ಲಿಯೂ ಕಾಣದು.

ಪ್ರಸ್ತಾಪಿತ ಕಾಮಗಾರಿಯ ಅನುಷ್ಠಾನದಿಂದ ಬಾಧಿತರಾಗುವ ಫಲಾನುಭವಿಗಳು ತಮ್ಮ ಸಕಾರಣ ಆಕ್ಷೇಪಣೆಗಳನ್ನು ನಿಗದಿತ ಅವಧಿಯೊಳಗೆ ಸಲ್ಲಿಸತಕ್ಕದ್ದು ಎಂಬ ಬಗೆಯ ವಾಕ್ಯವನ್ನು ಪ್ರಕಟಣೆಗಳಲ್ಲಿ ಓದದವರಿಲ್ಲ. ಇದರಲ್ಲಿ ಒಂದು ಇಂಗ್ಲಿಷು ಶಬ್ದವೂ ಇಲ್ಲ. ಆದರೂ ಇದು ಕನ್ನಡವಲ್ಲ. ಸಂಸ್ಕೃತ ಬಲ್ಲವನಿಗೂ ಇದು ಸಂಸ್ಕೃತವೆನಿಸದು. ಫಲಾನುಭವಿಯೆಂದರೆ ಫಲವನ್ನು ಉಣ್ಣುವವನು. ಗಿಡ ನೆಡುವಾಗ ಅವನನ್ನು ಕೇಳಬೇಕಾದುದಿಲ್ಲ, ಹಣ್ಣಾದ ಮೇಲೆ ಕೈನೀಡಿದರೆ ಸಾಕು ಎಂಬ ಧ್ವನಿ ಆ ಪದದಲ್ಲಿಯೇ ಅಡಗಿದೆ. ಅವನು ಬಾಧಿತನೂ ಫಲಾನುಭವಿಯೂ ಏಕಕಾಲದಲ್ಲಿ ಹೇಗಾದನೆಂಬುದು ಅಲಂಕಾರಿಕರು ವಿಚಾರಿಸತಕ್ಕ ವಿರೋಧಾಭಾಸ. ಕೊಡ ಬೇಕಾದವನು ಕುಂಬಾರನ ಮನೆಗೆ ಹೋಗುವಂತೆ ಶಬ್ದ ಬೇಕಾದವನು ವೈಯಾಕರಣನ ಮನೆಗೆ ಹೋಗುವುದಿಲ್ಲವೆಂಬ ಅಭಿಪ್ರಾಯ ಪತಂಜಲಿಯ ಮಹಾಭಾಷ್ಯದಲ್ಲಿದೆ. ಶಬ್ದ ಲೋಕದಲ್ಲಿ ಮೊದಲೇ ಉಂಟು; ಅದನ್ನು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಕಚೇರಿಯವರು ಮಾತ್ರ ಶಬ್ದವನ್ನು ಮಾಡಿಸಿಕೊಳ್ಳುವರು. ಮಾಡಿಕೊಟ್ಟವರಲ್ಲಿ ಸಾಹಿತ್ಯಸಂಘಗಳ ವಿದ್ವಾಂಸರೂ ಇರುವರೆಂಬುದನ್ನು ಮರೆಯಲಾಗದು.

ಆದರೆ ಪದಗಳ ದೋಷಕ್ಕಿಂತ ಕ್ರಮದ ದೋಷ ದೊಡ್ಡದು. ಮೀಮಾಂಸಕರು ಒಂದು ವಿಚಾರವನ್ನು ಎತ್ತಿಕೊಂಡರೆ ಅದಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳನ್ನು ಹೇಳುವರು. ಎದುರಾಳಿಯ ಪಕ್ಷವನ್ನು ಅವನಿಗಿಂತ ಚೆನ್ನಾಗಿ ಹೇಳಿದ ಮೇಲಲ್ಲದೆ ಸಿದ್ಧಾಂತಕ್ಕೆ ಕೈಹಾಕುವಂತಿಲ್ಲ. ಇಂದಿನ ಯೋಜನೆಗಳಲ್ಲಿ ಅಂಗಗಳೇನೋ ಎಲ್ಲವೂ ಉಂಟು, ಕ್ರಮ ಮಾತ್ರ ತಲೆಕೆಳಗು. ನಕ್ಷೆ ಬರೆದಾಯಿತು, ಹಣ ಗೊತ್ತಾಯಿತು, ಗುತ್ತಿಗೆಯಾಯಿತು, ಗುದ್ದಲಿಪೂಜೆಯೂ ಆಯಿತು; ಆ ಮೇಲೆ ಆಕ್ಷೇಪಣೆಗಳನ್ನು ಆಹ್ವಾನಿಸಲಾಗಿದೆ ಎಂಬ ಪ್ರಕಟಣೆ. ಸಿದ್ಧಾಂತವಾದ ಬಳಿಕ ಪೂರ್ವಪಕ್ಷವನ್ನು ಕೇಳುವುದು ಶಾಸ್ತ್ರವೂ ಅಲ್ಲ, ಸೌಜನ್ಯವೂ ಅಲ್ಲ. ನೈಯಾಯಿಕರು ಮಾತಿನ ವ್ಯವಹಾರವನ್ನು ವಾದ, ಜಲ್ಪ, ವಿತಂಡವೆಂದು ಮೂರು ಬಗೆ ಮಾಡಿರುವರು. ತತ್ತ್ವವನ್ನು ತಿಳಿಯುವುದಕ್ಕಾಗಿ ಮಾಡುವುದು ವಾದ. ಗೆಲ್ಲುವುದಕ್ಕಾಗಿ ಮಾಡುವುದು ಜಲ್ಪ. ತನ್ನದೆಂಬ ಪಕ್ಷವಿಲ್ಲದೆ ಕೇವಲ ಖಂಡಿಸುವುದು ವಿತಂಡ. ಕಚೇರಿ ಜಲ್ಪಕ್ಕೆ ತೊಡಗಿದಲ್ಲಿ ಜನ ವಿತಂಡಕ್ಕೆ ಇಳಿಯುವರು. ಆ ಮೇಲೆ ಜನ ಎಲ್ಲಕ್ಕೂ ಅಡ್ಡ ಮಾತಾಡುವರೆಂದು ದೂರುವುದರಲ್ಲಿ ಏನು ಅರ್ಥವಿದೆ?

ಶಿವಮೊಗ್ಗ ನಗರದ ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. 2014ರ ನವೆಂಬರ್ 1ರಂದು ಸರ್ಕಾರದವರು ಷಿಮೋಗಾ ಎಂಬ ಅಪಭ್ರಂಶವನ್ನು ತೆಗೆದು ನಗರಕ್ಕೆ ಶಿವಮೊಗ್ಗವೆಂಬ ಹೆಸರನ್ನು ಅಧಿಕೃತಗೊಳಿಸಿದರು. ಎರಡು ವರ್ಷ ತುಂಬುವ ಮೊದಲೇ, 2016ರ ಸೆಪ್ಟೆಂಬರಿನಲ್ಲಿ, ಅದೇ ನಗರ ಸ್ಮಾರ್ಟ್ ಸಿಟಿಯಾಗಿ ಆರಿಸಲ್ಪಟ್ಟಿತು. ಈ ಯೋಜನೆಗೆ ಆಡುಮಾತಿನ ಕನ್ನಡ ಹೆಸರೊಂದು ಹುಟ್ಟಲೇ ಇಲ್ಲ, ಅದೂ ಹೋಗಲಿ. ಪೌರರ ಅಭಿಪ್ರಾಯವನ್ನು ಕೇಳಿಯೇ ಪ್ರಸ್ತಾವವನ್ನು ಸಿದ್ಧಪಡಿಸಬೇಕೆಂಬುದು ಯೋಜನೆಯ ನಿಯಮವಾಗಿದ್ದಿತು. ಆದರೆ ಕೆಲಸ ನಡೆಸಲು ನಿಯಮಿಸಿದ್ದು ಕಂಪನಿ ಕಾಯಿದೆಯ ಕೆಳಗೆ ನೋಂದಾಯಿಸಿದ ಒಂದು ಕಂಪನಿಯನ್ನು. ರಾಜ್ಯ ಸರ್ಕಾರಕ್ಕೂ ನಗರಾಡಳಿತಕ್ಕೂ ಅದರಲ್ಲಿ ಸಮಪಾಲು. ವಾರ್ಡಿನ ಸದಸ್ಯನನ್ನು ಹಾದಿಯಲ್ಲಿ ನಿಲ್ಲಿಸಿ ಕೇಳಬಹುದು. ಕಂಪನಿಯನ್ನು ಯಾವ ಹಾದಿಯಲ್ಲಿ ನಿಲ್ಲಿಸುವುದು? 2015ರ ಜೂನಿನಲ್ಲಿ ಹುಟ್ಟಿದ ಆ ಯೋಜನೆ 2025ರ ಮಾರ್ಚಿಗೆ ಮುಗಿಯಿತು. ತನ್ನ ಬೀದಿಯಲ್ಲಿ ಏನು ಮಾಡಿದರು, ಎಷ್ಟು ವೆಚ್ಚವಾಯಿತು, ಕೆಟ್ಟರೆ ಸರಿಪಡಿಸುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಗಾಂಧಿ ಬಜಾರಿನ ಅಂಗಡಿಯವನೊಬ್ಬನು ಯಾರನ್ನೂ ವಿಚಾರಿಸದೆ ಉತ್ತರ ಹೇಳಬಲ್ಲನಾದರೆ ಪ್ರಚಾರ ಸಫಲವಾಯಿತೆನ್ನಬಹುದು. ಹೇಳಲಾರನಾದರೆ, ಅಂಟಿಸಿದ ಚಿತ್ರಪಟಗಳೆಲ್ಲ ಗೋಡೆಯ ಅಲಂಕಾರ.

ಈ ವಿಷಯದಲ್ಲಿ ಕಾಯಿದೆಯ ಅಭಾವವಿದೆಯೇ ಎಂದರೆ, ಇಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣವನ್ನು ಓದಿದವರಿಗೆ ಆಶ್ಚರ್ಯವಾದೀತು. ಮಹತ್ತ್ವದ ನೀತಿಗಳನ್ನು ರೂಪಿಸುವಾಗಲೇ ಸಂಬಂಧಪಟ್ಟ ಸಂಗತಿಗಳನ್ನು ಪ್ರಕಟಿಸಬೇಕು. ನಿರ್ಣಯಕ್ಕೆ ಒಳಗಾಗುವವರಿಗೆ ಅದರ ಕಾರಣಗಳನ್ನು ತಿಳಿಸಬೇಕು. ಸ್ಥಳೀಯ ಭಾಷೆಯನ್ನೂ, ಆಯಾ ಸ್ಥಳದಲ್ಲಿ ಹೆಚ್ಚು ಫಲಕಾರಿಯಾದ ವಿಧಾನವನ್ನೂ ಗಮನದಲ್ಲಿರಿಸಬೇಕು. ಸೂಚನಾಫಲಕ, ಪತ್ರಿಕೆ, ಸಾರ್ವಜನಿಕ ಘೋಷಣೆ ಮೊದಲಾದ ಎಲ್ಲ ಮಾರ್ಗಗಳೂ ಇದಕ್ಕೆ ಸಲ್ಲುವುವು ಎಂಬುದು ಅದರ ತಾತ್ಪರ್ಯ. ಯಾರೂ ಅರ್ಜಿ ಕೊಡದಿದ್ದರೂ ಕಚೇರಿ ತಾನಾಗಿ ಮಾಡತಕ್ಕ ಕರ್ತವ್ಯವಿದು. ದೊಡ್ಡ ಯೋಜನೆಗಳ ಪರಿಸರ ಪರಿಣಾಮವನ್ನು ಕುರಿತ 2006ರ ಅಧಿಸೂಚನೆ, ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನ ಮೊದಲು ತಿಳಿವಳಿಕೆ ಕೊಡಬೇಕೆನ್ನುವುದು. ವರ್ತಮಾನಪತ್ರಿಕೆ ಮುಟ್ಟದ ಸ್ಥಳಗಳಲ್ಲಿ ಡಂಗುರ ಹೊಯಿಸಬೇಕೆಂಬ ಮಾತೂ ತಿದ್ದುಪಡಿಯಿಂದ ಅದರಲ್ಲಿ ಸೇರಿತು. ಹಳೆಯ ತಮಟೆಗೆ ಹೊಸ ಕಾಯಿದೆಯಲ್ಲಿ ಸ್ಥಾನ ಸಿಕ್ಕಿದೆ. ಬಾರಿಸುವ ಕೈ ಮಾತ್ರ ಅಪರೂಪ.

ಆ ಅಧಿಸೂಚನೆಯನ್ನೇ ಬದಲಿಸುವ ಕರಡನ್ನು ಕೇಂದ್ರ ಸರ್ಕಾರದವರು 2020ರ ಮಾರ್ಚಿಯಲ್ಲಿ ಇಂಗ್ಲಿಷು ಹಿಂದಿಗಳಲ್ಲಿ ಹೊರಡಿಸಿ ದೇಶದ ಜನರೆಲ್ಲರ ಆಕ್ಷೇಪಣೆಗಳನ್ನು ಕೇಳಿದರು. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿಯೂ ಅದನ್ನು ಪ್ರಕಟಿಸಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯ ಜೂನಿನಲ್ಲಿ ಆಜ್ಞೆ ಮಾಡಿತು. ಆಗಸ್ಟಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅಂತಿಮ ಅಧಿಸೂಚನೆಯನ್ನು ಹೊರಡಿಸದಂತೆ ತಡೆಯಿತು. ಮಲೆನಾಡಿನ ಕಾಡು, ಹೊಳೆ, ಗಣಿಗಳಿಗೆ ತಾಗುವ ನಿಯಮವನ್ನು ಮಲೆನಾಡಿನವರಿಗೆ ಕನ್ನಡದಲ್ಲಿ ಹೇಳಬೇಕೆಂಬಷ್ಟು ಸರಳವಾದ ನ್ಯಾಯಕ್ಕೆ ನ್ಯಾಯಸ್ಥಾನದ ಮೆಟ್ಟಿಲು ಹತ್ತಬೇಕಾಯಿತು.

ಓಲ್ಡ್ ಟೌನಿನವರಿಗೆ ಮತ್ತೊಂದು ಅನಾನುಕೂಲವುಂಟು. ಸುತ್ತಣ ಹಳ್ಳಿಯವನಿಗೆ ಗ್ರಾಮಸಭೆಯುಂಟು; ಕರ್ನಾಟಕದ ಪಂಚಾಯತಿ ಕಾಯಿದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಪಂಚಾಯಿತಿಯ ಲೆಕ್ಕಪತ್ರಗಳನ್ನು ಎಲ್ಲರ ಮುಂದೆ ತೆರೆಯುವ ಜಮಾಬಂದಿಯೂ ಅವನಿಗುಂಟು. ಪಟ್ಟಣಗಳಲ್ಲಿ ವಾರ್ಡು ಸಮಿತಿಗಳನ್ನು ಸಂವಿಧಾನದ 74ನೆಯ ತಿದ್ದುಪಡಿ ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕೆ ಮೀರಿದ ಜನಸಂಖ್ಯೆಯುಳ್ಳ ನಗರಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಶಿವಮೊಗ್ಗದ ಜನ ಸುಮಾರು 3,22,000. ಭದ್ರಾವತಿಯ ಜನ ಸುಮಾರು 1,51,000. ಹಳ್ಳಿಗಿಂತ ದೊಡ್ಡದಾದುದರಿಂದ ಭದ್ರಾವತಿಗೆ ಗ್ರಾಮಸಭೆಯಿಲ್ಲ. ನಗರಕ್ಕಿಂತ ಚಿಕ್ಕದಾದುದರಿಂದ ಸಂವಿಧಾನದ ಈ ಭರವಸೆಯೂ ಇಲ್ಲ. ಒಂದೂವರೆ ಲಕ್ಷ ಜನರು ಕುಳಿತು ಪ್ರಶ್ನೆ ಕೇಳಲು ಸಂವಿಧಾನವೇ ಹಾಕಿಕೊಟ್ಟ ಚಾವಡಿಯಿಲ್ಲದಿರುವಾಗ, ಅವರಿಗೆ ಜಾಗೃತಿಯಿಲ್ಲವೆಂದು ಹೇಳುವ ಬಾಯಿ ಸ್ವಲ್ಪ ತಡೆಯಬೇಕು.

ಈ ನೆಲದಲ್ಲಿ ಇಂಥ ಚಾವಡಿ ಅಪರಿಚಿತವಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲುಗಳ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ 144 ಮಂದಿ ಸದಸ್ಯರೊಡನೆ ಆರಂಭವಾಯಿತು. ಸಂಸ್ಥಾನದ ಆಯವ್ಯಯವನ್ನೂ ಕೆಲಸಕಾರ್ಯಗಳನ್ನೂ ದಿವಾನರು ಸಭೆಯ ಮುಂದೆ ಹೇಳಬೇಕಾಗಿದ್ದಿತು. ಸದಸ್ಯರು ಬಹುಮಟ್ಟಿಗೆ ಜಮೀನುದಾರರೂ ವರ್ತಕರೂ ಆಗಿದ್ದರು, ಸಭೆಗೆ ಅಧಿಕಾರವಿರಲಿಲ್ಲ ಎಂಬುದು ನಿಜ. ಆದರೂ ಹೇಳಲೇಬೇಕು, ಎದುರಿನವನು ಕೇಳಬಹುದು ಎಂಬ ಪದ್ಧತಿ ಅಲ್ಲಿ ಬೇರೂರಿತು. ಸ್ವಾತಂತ್ರ್ಯಾನಂತರ 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾಯಿತು. ಐದು ವರ್ಷಗಳ ಬಳಿಕ, 1957ರಲ್ಲಿ, ಅದನ್ನು ಪರಿಶೀಲಿಸಿದ ಬಲವಂತರಾಯ ಮೆಹತಾ ಸಮಿತಿಯು, ಜನರ ಸ್ವಂತ ಉತ್ಸಾಹವನ್ನು ಹೊಮ್ಮಿಸುವುದರಲ್ಲಿಯೇ ಆ ಕೆಲಸ ಬಹಳ ಮಟ್ಟಿಗೆ ವಿಫಲವಾಯಿತೆಂದು ಕಂಡಿತು. ಅದಕ್ಕೆ ಸಮಿತಿ ಸೂಚಿಸಿದ ಔಷಧ ಹೆಚ್ಚಿನ ಪ್ರಚಾರವಲ್ಲ. ಅಧಿಕಾರವನ್ನು ಜನಪ್ರತಿನಿಧಿಗಳ ಕೈಗೆ ಇಳಿಸಿಕೊಡುವುದು. ರೋಗವನ್ನು ಆಗಲೇ ಗುರುತಿಸಿಯಾಗಿದೆ. ಹಳೆಯ ಚೀಟಿಯನ್ನು ಮಡಿಸಿಟ್ಟು ಮತ್ತೆ ಅದೇ ಕಷಾಯ ಕುಡಿಸುತ್ತಿರುವರು.

ಇದಕ್ಕೆ ಪ್ರತಿಯಾಗಿ ಹೇಳುವ ಮಾತುಗಳನ್ನೂ ವಿಚಾರಿಸತಕ್ಕದ್ದು. ಯಂತ್ರಶಾಸ್ತ್ರದ ವಿಷಯ ಕನ್ನಡದಲ್ಲಿ ಹೇಳಲು ಬಾರದೆನ್ನುವರು ಕೆಲವರು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಕನ್ನಡದಲ್ಲಿ ವಿಜ್ಞಾನವೆಂಬ ಮಾಸಪತ್ರಿಕೆಯನ್ನೇ 1918ರಲ್ಲಿ ಹೊರಡಿಸಿದರು. ಭದ್ರಾವತಿಯ ಕುಲುಮೆಯ ಮುಂದೆ ನಿಂತ ಕಾರ್ಮಿಕರು ಫರ್ನೇಸು, ಲೇತು, ಶಿಫ್ಟುಗಳನ್ನು ಕನ್ನಡದ ವಿಭಕ್ತಿಗಳೊಡನೆ ಬೆರೆಸಿ ತಲೆಮಾರುಗಳ ಕಾಲ ಉಕ್ಕು ಎರೆದರು. ಉಕ್ಕನ್ನು ಎರೆಯಲು ಸಾಕಾದ ಭಾಷೆ ಚರಂಡಿಯ ಆಳವನ್ನು ಹೇಳಲು ಸಾಲದೇ?

ಸಭೆ ಕರೆದರೆ ಜನ ಬರುವುದಿಲ್ಲವೆನ್ನುವರು ಮತ್ತೆ ಕೆಲವರು. ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಸಭೆಯಿಟ್ಟರೆ ಕೂಲಿಯವನು ಒಂದು ದಿನದ ಅನ್ನವನ್ನು ಬಿಟ್ಟು ಬರಬೇಕು. ನಲ್ಲಿಯ ನೀರನ್ನು ಕಾದು ಹಿಡಿಯುವ ಹೆಂಗಸು ನೀರನ್ನು ಬಿಟ್ಟು ನೀರಿನ ಸಭೆಗೆ ಬರಬೇಕು. ಬಂದರೂ ವೇದಿಕೆಯ ಮೇಲೆ ಭಾಷಣ, ಕೆಳಗೆ ಚಪ್ಪಾಳೆ, ಪ್ರಶ್ನೆಗೆ ಎಡೆಯೆಲ್ಲಿ? ಎಲ್ಲವನ್ನೂ ಜಾಲತಾಣದಲ್ಲಿ ಹಾಕಿದೆಯೆನ್ನುವರು ಇನ್ನು ಕೆಲವರು. ನೂರಾರು ಪುಟಗಳ ಇಂಗ್ಲಿಷು ವರದಿಯನ್ನು ಅಲ್ಲಿ ಇಡುವುದು ಬಾವಿಯಿದೆಯೆಂದು ತೋರಿಸಿ ಹಗ್ಗವನ್ನು ಒಳಗಿಟ್ಟುಕೊಂಡಂತೆ. ಕೇಳುತ್ತ ಕುಳಿತರೆ ಕೆಲಸ ತಡವಾಗುವುದೆಂಬುದು ಕೊನೆಯ ಆಕ್ಷೇಪಣೆ. ತಡವಾಗುವುದು ದಿಟ. ಆದರೆ ಹಾಕಿದ ರಸ್ತೆಯನ್ನು ಕೊಳವೆಗಾಗಿ ಅಗೆದು, ಮುಚ್ಚಿದ್ದನ್ನು ತಂತಿಗಾಗಿ ಮತ್ತೆ ಅಗೆಯುವ ತಡಕ್ಕಿಂತ ಮೊದಲೇ ಹತ್ತು ದಿನ ಕೇಳಿಕೊಳ್ಳುವ ತಡ ಅಗ್ಗ.

ಹಿಂದಿನ ಅರಸರು ಜನರನ್ನು ಕೇಳಿ ಆಳಿದರೆಂದು ಹೇಳುವುದು ಅಸತ್ಯ. ಆದರೆ ತಿಳಿಸುವ ವಿಷಯದಲ್ಲಿ ಅವರಿಗೊಂದು ಕಟ್ಟಳೆಯಿದ್ದಿತು. ಶಿವಮೊಗ್ಗ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ ಅಚ್ಚಾಗಿರುವುವು. ಅಂಥ ಎಷ್ಟೋ ಶಾಸನಗಳಲ್ಲಿ ದೇವತಾಸ್ತುತಿ ಸಂಸ್ಕೃತದಲ್ಲಿರುವುದು. ಕೊಟ್ಟ ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಗೆ, ಯಾವ ಕೆರೆಯ ಕೆಳಗೆ, ಅಳತೆಯೆಷ್ಟು ಎಂಬ ಭಾಗಕ್ಕೆ ಬಂದೊಡನೆ ಮಾತು ಕನ್ನಡಕ್ಕೆ ತಿರುಗುವುದು. ದೇವರಿಗೆ ಹೇಳುವುದನ್ನು ದೇವಭಾಷೆಯಲ್ಲಿ, ಒಕ್ಕಲಿಗೆ ಹೇಳುವುದನ್ನು ಒಕ್ಕಲಿನ ಭಾಷೆಯಲ್ಲಿ ಕೆತ್ತಿಸಿದ ಆ ವಿವೇಕ ಇಂದಿನ ಶಂಕುಸ್ಥಾಪನೆಯ ಕಲ್ಲುಗಳಲ್ಲಿ ತಿರುವುಮುರುವಾಗಿದೆ. ಇಪ್ಪತ್ತು ಮಂದಿ ಗಣ್ಯರ ಹೆಸರು, ಪದವಿ, ಘನ ಉಪಸ್ಥಿತಿಗಳು ದಪ್ಪಕ್ಷರದಲ್ಲಿ. ಕೊಳವೆ ಎಲ್ಲಿಂದ ಎಲ್ಲಿಗೆ ಎಂಬುದು ಕಲ್ಲಿನಲ್ಲಿಲ್ಲ. ಶಾಸನವನ್ನು ಮೀರಿದವನಿಗೆ ಕೊನೆಯಲ್ಲಿ ಶಾಪಾಶಯವಾದರೂ ಇರುತ್ತಿತ್ತು. ಇಂದಿನ ಫಲಕದಲ್ಲಿ ಕೆಲಸ ಕೆಟ್ಟರೆ ಯಾರನ್ನು ಕೇಳಬೇಕೆಂಬ ಒಂದು ಹೆಸರನ್ನೂ ಹುಡುಕಬೇಕು.

ಮಾಡತಕ್ಕದ್ದು ದೊಡ್ಡದೇನಲ್ಲ. ಗುತ್ತಿಗೆಯನ್ನು ಕರೆಯುವುದಕ್ಕೆ ಮೊದಲು, ಆ ಬೀದಿಯಲ್ಲಿಯೇ, ಅರ್ಧ ಪುಟದ ಕನ್ನಡದಲ್ಲಿ ಏನು, ಎಲ್ಲಿ, ಎಷ್ಟು ಹಣ, ಯಾರಿಂದ, ಎಂದಿನಿಂದ ಎಂದಿನವರೆಗೆ, ಯಾರಿಗೆ ತೊಂದರೆ, ತಪ್ಪಿದರೆ ಯಾರನ್ನು ಕೇಳುವುದು ಎಂಬ ಏಳು ಪ್ರಶ್ನೆಗಳಿಗೆ ಉತ್ತರ ಬರೆದು ಅಂಟಿಸಬೇಕು. ಓದಲಾರದವರಿಗಾಗಿ ಅದನ್ನು ಆಟೋದಲ್ಲಿ ಸಾರಿಸಬೇಕು. ಉರ್ದು ತಮಿಳುಗಳನ್ನಾಡುವ ಕೇರಿಗಳಲ್ಲಿ ಆಯಾ ಮಾತಿನಲ್ಲಿಯೂ ಹೇಳಿಸಬೇಕು. ಕಾರ್ಖಾನೆಗೆ ಅವರ ಬೆವರು ಸಲ್ಲುವುದಾದರೆ ಕಚೇರಿಗೆ ಅವರ ಕಿವಿಯೂ ಸಲ್ಲಬೇಕು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯಲ್ಲಿ ಇಂಜಿನಿಯರರು ಬಂದು ಮಾತಾಡಬಹುದು. ರೈತರೊಡನೆ ಕನ್ನಡದಲ್ಲಿ ಮಾತಾಡುವ ಅಭ್ಯಾಸ ಆ ಮನೆಗೆ ಹೊಸದಲ್ಲ. ಸಭೆ ಸಂಜೆಯ ಹೊತ್ತು, ಬೀದಿಯ ಸಮೀಪದಲ್ಲಿ ಸೇರಲಿ. ಬಂದ ಆಕ್ಷೇಪಣೆಗಳಲ್ಲಿ ಯಾವುದನ್ನು ಒಪ್ಪಿದೆ, ಯಾವುದನ್ನು ಏಕೆ ಒಪ್ಪಿಲ್ಲ ಎಂಬ ಉತ್ತರವನ್ನು ಅದೇ ಫಲಕದಲ್ಲಿ ಬರೆಯಲಿ. ಈ ಕೊನೆಯ ಮಾತನ್ನು ಬಿಟ್ಟರೆ ಉಳಿದುದೆಲ್ಲ ವ್ಯರ್ಥ. ಉತ್ತರ ದೊರೆಯದ ಪೂರ್ವಪಕ್ಷವನ್ನು ಎರಡನೆಯ ಸಲ ಹೇಳಲು ಯಾರೂ ಬರುವುದಿಲ್ಲ.

ಜಿಲ್ಲೆಯ ಸಾಹಿತ್ಯಸಂಘಗಳಿಗೂ ಇದರಲ್ಲಿ ಪಾಲುಂಟು. ಕವಿಗೋಷ್ಠಿಗಳು ನಡೆಯಲಿ, ಸನ್ಮಾನಗಳು ನಡೆಯಲಿ. ಆದರೆ ಕನ್ನಡದ ಉಳಿವು ನಗರಸಭೆಯ ಫಲಕದಲ್ಲಿಯೂ ತೀರ್ಮಾನವಾಗುತ್ತಿರುವುದನ್ನು ಸಾಹಿತ್ಯಸೇವಕರು ಗಮನಿಸಬೇಕು. ಕಠಿನಪದಗಳನ್ನು ಕಟ್ಟಿಕೊಟ್ಟ ವಿದ್ವಾಂಸರೇ ಅವನ್ನು ಬಿಡಿಸಿಕೊಡುವ ಹೊಣೆಯನ್ನೂ ಹೊರತಕ್ಕದ್ದು. ತಿಂಗಳಿಗೊಂದು ಪ್ರಕಟಣೆಯನ್ನು ತೆಗೆದುಕೊಂಡು, ಅದನ್ನು ತಿಳಿಗನ್ನಡದಲ್ಲಿ ಬರೆದು, ಓಲ್ಡ್ ಟೌನಿನಲ್ಲಿ ನಾಲ್ಕು ಜನ ಸೇರುವೆಡೆ ಗಟ್ಟಿಯಾಗಿ ಓದಿಸಲಿ. ಕೇಳಿದವರ ಪ್ರಶ್ನೆಗಳನ್ನು ಬರೆದುಕೊಂಡು ನಗರಸಭೆಗೆ ಕಳುಹಿಸಲಿ. ಬಂದ ಉತ್ತರವನ್ನೂ ಬಾರದ ಉತ್ತರವನ್ನೂ ಪತ್ರಿಕೆಯಲ್ಲಿ ಅಚ್ಚು ಮಾಡಲಿ. ಒಂದು ವರ್ಷ ಹೀಗೆ ನಡೆದರೆ ನಿದ್ರಿಸುತ್ತಿದ್ದವರು ಯಾರೆಂಬುದು ತಾನಾಗಿ ಗೊತ್ತಾಗುವುದು.